ಹಸಿ ಮರದಲ್ಲಿ ಕೆತ್ತಿದ ಮುಖ

ಬಡಗಿ ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ಅವನ ಬಗ್ಗೆ ಮಾತೆತ್ತಿದವರೆಲ್ಲ ಅವನ ಕೈಕೆಲಸದಿಂದ ಶುರು ಮಾಡುತ್ತಾರೆ. ಎಂಥ ಬಾಗಿಲು, ಎಂಥ ಮೆಟ್ಟಿಲು, ಅವನು ಕೂರಿಸಿದ ಕಿಟಕಿ ಮಳೆಗಾಲದಲ್ಲೂ ಉಬ್ಬಿ ಹಿಡಿದುಕೊಂಡದ್ದಿಲ್ಲ ಎನ್ನುತ್ತಾರೆ. ಸುಳ್ಳಲ್ಲ. ಆದರೆ ಹತ್ತಿರದಿಂದ ಬಲ್ಲವರು ಅವನ ಸಿಟ್ಟಿನಿಂದಲೇ ಶುರು ಮಾಡಬೇಕು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂದು ಆ ಸಿಟ್ಟನ್ನು ಮುಚ್ಚಿಟ್ಟರೆ ಉಳಿಯುವುದು ಅರ್ಧ ಮನುಷ್ಯ. ಅವನು ಅದನ್ನು ತನ್ನ ಒಳ್ಳೆಯ ಉಳಿಗಳ ಹಾಗೆ ಇಟ್ಟುಕೊಂಡಿದ್ದ. ಮಸೆದು, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ. ಕಂಡಕಂಡವರ ಮೇಲೆ ಖರ್ಚು ಮಾಡುತ್ತಿರಲಿಲ್ಲ. ಅದು ಒಬ್ಬನಿಗೆ ಮೀಸಲಾಗಿತ್ತು: ಅವನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಊರಿನ ರೈಲ್ವೆ ಸ್ಟೇಷನ್ ಕಟ್ಟಿಸಿದ ಮೇಸ್ತ್ರಿ.

ಸಿಟ್ಟು ಹುಟ್ಟಿದ್ದು ಆ ಸ್ಟೇಷನ್ನಿನಲ್ಲೇ. ಬೆಳೆದದ್ದೂ ಅಲ್ಲೇ.

ಮೊದಲು ಊರಿಗೆ ಸ್ಟೇಷನ್ ಅನ್ನುವಂಥದ್ದೇ ಇರಲಿಲ್ಲ. ಕೆಲಸಕ್ಕೆ ಬಾರದ ಒಂದು ಗೂಡ್ಸ್ ಡಬ್ಬಿಯ ಚಕ್ರ ಕಳಚಿ ಹಳಿಯ ಪಕ್ಕ ಕೂರಿಸಿದ್ದರು. ಅದರ ಹೊಟ್ಟೆಗೊಂದು ಕಿಂಡಿ ಕೊರೆದು ಅಲ್ಲಿಂದ ಟಿಕೆಟ್ ಕೊಡುತ್ತಿದ್ದರು. ಸ್ಟೇಷನ್ ಮಾಸ್ಟರು ಒಳಗೆ ಬಗ್ಗಿಕೊಂಡೇ ಓಡಾಡಬೇಕು. ಊರಿನವರು ಆ ಡಬ್ಬಿಯನ್ನು ಕೋಳಿಗೂಡು ಎಂದೂ, ಮಾಸ್ಟರು ಟಿಕೆಟ್ ಕೊಡಲು ಕೈ ಹೊರಗೆ ಹಾಕಿದಾಗ ‘ಮೊಟ್ಟೆ ಬಂತು’ ಎಂದೂ ನಗುತ್ತಿದ್ದರು. ಆಮೇಲೆ ಊರಾಚೆ ಇಟ್ಟಿಗೆ ಗೂಡುಗಳು ಎದ್ದವು. ಸರಕು ಹೆಚ್ಚಿತು, ಜನ ಹೆಚ್ಚಿದರು. ಸರಿಯಾದ ಕಟ್ಟಡವೊಂದು ಬೇಕೆಂದು ರೈಲ್ವೆಯವರಿಗೂ ಅನ್ನಿಸಿ, ನಕ್ಷೆ ಬಂತು.

ಅವರಿಗೆ ಸಣ್ಣ ಊರುಗಳಿಗೆಲ್ಲ ಒಂದೇ ನಕ್ಷೆ. ನಡುವೆ ಟಿಕೆಟ್ ಹಾಲು, ಒಂದು ಪಕ್ಕ ಮಾಸ್ಟರ ಕೋಣೆ, ಇನ್ನೊಂದು ಪಕ್ಕ ಪ್ರಯಾಣಿಕರು ಕಾಯುವ ಕೋಣೆ. ಮಾಸ್ಟರ ಕೋಣೆಯ ಕಿಟಕಿ ಮಾತ್ರ ಗೋಡೆ ಬಿಟ್ಟು ಪ್ಲಾಟ್‌ಫಾರ್ಮಿನ ಕಡೆ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲಬೇಕು. ಕುರ್ಚಿಯಿಂದ ಏಳದೆಯೇ ಎರಡೂ ದಿಕ್ಕಿನ ಹಳಿ ಕಾಣಲಿ ಎಂದು ಅದಕ್ಕೆ ಮೂರು ಮುಖ. ದೀಪದೆಣ್ಣೆ ಇಡುವ ಕೋಣೆ ಬೆಂಕಿಯ ಭಯಕ್ಕೆ ದೂರದಲ್ಲಿ ಒಂಟಿಯಾಗಿ. ಹಳಿಯಾಚೆ ಗೂಡ್ಸ್ ಶೆಡ್ಡು; ಅದರ ನೆಲ ರೈಲುಡಬ್ಬಿಯ ನೆಲದಷ್ಟೇ ಎತ್ತರ, ಮೂಟೆ ಎತ್ತಿ ಇಳಿಸುವ ಕಷ್ಟವಿಲ್ಲದೆ ನೂಕಿದರೆ ಸಾಕು. ಪ್ಲಾಟ್‌ಫಾರ್ಮಿನ ಚಾವಣಿ ಹೊರಲು ನಕ್ಷೆಯಲ್ಲಿ ಕಬ್ಬಿಣದ ಕಂಬಗಳಿದ್ದವು. ಅವು ರೈಲಿನಲ್ಲೇ ಹೊರಟು ರೈಲಿನಲ್ಲೇ ದಾರಿ ತಪ್ಪಿದವು. ಇನ್ಯಾವುದೋ ಊರಿನಲ್ಲಿ ಇಳಿದು, ಆ ಊರಿನವರು ಬಿಟ್ಟುಕೊಡದೆ, ಅಲ್ಲೇ ನಿಂತುಬಿಟ್ಟವು. ಕಾಯುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ಗುತ್ತಿಗೆ ಹಿಡಿದಿದ್ದ ಮೇಸ್ತ್ರಿ, ಕಂಬ ಮರದ್ದೇ ಆಗಲಿ, ನಮ್ಮ ಮನೆಯಲ್ಲೇ ಬಡಗಿಗಳಿದ್ದಾರೆ ಎಂದ. ಹಾಗೆ ಬಡಗಿಯೂ ಅವನ ಅಪ್ಪನೂ ಕೆಲಸಕ್ಕೆ ಬಂದರು.

ಆ ಅಪ್ಪನನ್ನು ಊರು ದೊಡ್ಡ ಬಡಗಿ ಎಂದು ಕರೆಯುತ್ತಿತ್ತು. ಕುಳ್ಳ ಮನುಷ್ಯ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ ತುಂಡು, ಅದನ್ನು ತಲೆಯ ಮೇಲೂ ಜೇಬಿನಲ್ಲೂ ಹುಡುಕುತ್ತಾ ಮಗನನ್ನು ಬೈಯುವುದು ಅವನ ದಿನಚರಿ. ಟಿಕೆಟ್ ಹಾಲಿನ ಮಾಡು ಅವನ ಪಾಲಿಗೆ ಬಂತು. ಕಬ್ಬಿಣದ ಮೊಳೆ ಒಂದೂ ಇಲ್ಲದೆ, ತೊಲೆಗೆ ತೊಲೆ ಕಚ್ಚಿಸಿ, ಮರದ ಗೂಟ ಹೊಡೆದು ನಿಲ್ಲಿಸುವ ಮಾಡು. ಮೇಸ್ತ್ರಿ ಮೊಳೆ ಹೊಡೆದು ಮುಗಿಸು ಅಂದರೆ, ಮೊಳೆ ತುಕ್ಕು ಹಿಡಿಯುತ್ತೆ, ನಿನ್ನ ಹಾಗೆ ಅದಕ್ಕೂ ಆತುರ ಅನ್ನುತ್ತಿದ್ದ. ಮೇಸ್ತ್ರಿ ನಗುತ್ತಿದ್ದ. ಆಗಿನ್ನೂ ಅವರ ನಡುವೆ ನಗು ಇತ್ತು. ಅಕ್ಕತಂಗಿಯರಿಬ್ಬರೂ ಒಟ್ಟಿಗೆ ಬುತ್ತಿ ಕಟ್ಟಿ ಕಳಿಸುತ್ತಿದ್ದರು, ಷಡ್ಡಕರಿಬ್ಬರೂ ಒಂದೇ ತೊಲೆಯ ಮೇಲೆ ಕೂತು ಉಣ್ಣುತ್ತಿದ್ದರು, ಚಿಕ್ಕವನು ದೊಡ್ಡವನನ್ನು ‘ಅಣ್ಣ’ ಎನ್ನುತ್ತಿದ್ದ.

ದೊಡ್ಡ ಬಡಗಿಗೆ ಒಂದು ಅಭ್ಯಾಸ. ಕೆಲಸದವರು ನಿಲ್ಲಲು ಗಳ ಕಟ್ಟಿ ಮಾಡಿದ ಸಾರವೆಯನ್ನು ಬೆಳಿಗ್ಗೆ ಮೊದಲು ಹತ್ತುವವನು ಅವನೇ. ಹತ್ತುವ ಮುಂಚೆ ಒಂದೊಂದು ಗಳವನ್ನೂ ಮರದ ಕೊಡತಿಯಿಂದ ಬುಡದಲ್ಲಿ ತಟ್ಟಿ ಕಿವಿಗೊಡುತ್ತಿದ್ದ. ಬಿಗಿಯಾಗಿದ್ದರೆ ಒಂದು ಸದ್ದು, ಸಡಿಲಿದ್ದರೆ ಇನ್ನೊಂದು. ಬೆಳಿಗ್ಗೆ ತಟ್ಟಿದರೆ ಸಂಜೆಯವರೆಗೂ ನಂಬಿಕೆ. ಆ ಕಸುಬಿನವರೆಲ್ಲರ ಲೆಕ್ಕ ಅದೇ. ಊಟ ಮುಗಿಸಿ ಬಂದು ಮತ್ತೆ ತಟ್ಟುವವನನ್ನು ಪುಕ್ಕಲ ಎನ್ನುತ್ತಾರೆ.

ಒಂದು ದಿನ ಮಧ್ಯಾಹ್ನ ರೈಲ್ವೆಯ ಅಧಿಕಾರಿಗಳು ಬರುವವರಿದ್ದರು. ಗೂಡ್ಸ್ ಶೆಡ್ಡಿನ ಕೆಲಸ ಹಿಂದೆ ಬಿದ್ದಿತ್ತು. ಅಲ್ಲಿ ಏನೋ ನಡೆಯುತ್ತಿದೆ ಎಂದು ಕಾಣಿಸಬೇಕು, ಕಟ್ಟಲು ಗಳ ಸಾಲದು. ಎಲ್ಲರೂ ಊಟಕ್ಕೆ ಇಳಿದಿದ್ದಾಗ ಮೇಸ್ತ್ರಿ ಟಿಕೆಟ್ ಹಾಲಿನ ಸಾರವೆಯಿಂದ ಓರೆಗಂಬಗಳನ್ನು ಬಿಚ್ಚಿಸಿ ಆಚೆ ಸಾಗಿಸಿದ. ಸಾರವೆ ಅತ್ತಿತ್ತ ವಾಲದಂತೆ ಹಿಡಿಯುವುದೇ ಆ ಓರೆಗಂಬಗಳು. ಸಾಹೇಬರು ನೋಡಿ ಹೋದಮೇಲೆ ವಾಪಸ್ ಕಟ್ಟಿಸಿದರಾಯಿತು ಎಂದುಕೊಂಡ. ಹೇಳುವುದನ್ನು ಮರೆತ. ದೊಡ್ಡ ಬಡಗಿ ಬಾಯಿ ಒರೆಸಿಕೊಂಡು ಬಂದ, ಬೆಳಿಗ್ಗೆ ತಟ್ಟಿದ್ದೇ ತಾನೇ ಎಂದು ಹತ್ತಿದ, ನೆತ್ತಿಯ ತೊಲೆಗೆ ಗೂಟ ಹೊಡೆಯಲು ಕೊಡತಿ ಎತ್ತಿದ. ಮಗ ಪ್ಲಾಟ್‌ಫಾರ್ಮಿನಲ್ಲಿ ಹಲಗೆ ಕೀಸುತ್ತಿದ್ದ. ಸದ್ದು ಕೇಳಿ ಒಳಗೆ ಓಡಿದಾಗ ಅಪ್ಪ ನೆಲದ ಮೇಲಿದ್ದ, ಉಸಿರಿರಲಿಲ್ಲ.

ಇಷ್ಟೇ ಆಗಿದ್ದರೆ ಅದನ್ನು ದುಃಖವೆಂದು ಹೊತ್ತು ನಡೆಯಬಹುದಿತ್ತು. ಅಧಿಕಾರಿಗಳು ಬಂದಾಗ ಓರೆಗಂಬಗಳು ಮತ್ತೆ ಸಾರವೆಯಲ್ಲಿದ್ದವು. ಹೇಗಾಯಿತು ಎಂದು ಅವರು ಕೇಳಿದರು. ಮೇಸ್ತ್ರಿ ಮೇಲ್ದುಟಿಯ ಒಂದು ತುದಿಯನ್ನು ಸೊಟ್ಟ ಮಾಡಿ, ಧ್ವನಿ ತಗ್ಗಿಸಿ, “ಮುದುಕ ಮಧ್ಯಾಹ್ನ ಸ್ವಲ್ಪ ಹಾಕ್ಕೊಂಡು ಹತ್ತಿದ್ದ ಸಾರ್” ಎಂದ. ಅಧಿಕಾರಿಗಳು ತಲೆಯಾಡಿಸಿ ಹೋದರು. ದೊಡ್ಡ ಬಡಗಿ ಜೀವಮಾನದಲ್ಲಿ ಕುಡಿದವನಲ್ಲ. ಕೈ ನಡುಗಿದರೆ ಗೆರೆ ಹಾಳಾಗುತ್ತದೆಂದು ಟೀಯನ್ನೂ ಅರ್ಧ ಲೋಟಕ್ಕೆ ನಿಲ್ಲಿಸುತ್ತಿದ್ದವನು.

ಮಗ ಊರೆಲ್ಲ ಹೇಳಿಕೊಂಡು ತಿರುಗಿದ. ಗಳ ಬಿಚ್ಚಿದ್ದನ್ನು ನೋಡಿದ ಕೂಲಿಗಳು ಮೇಸ್ತ್ರಿಯ ಅನ್ನ ತಿನ್ನುವವರು. ಅವರಿಗೆ ಏನೂ ನೆನಪಿರಲಿಲ್ಲ. ಅತ್ತೆ ಬಂದು, ಇಬ್ಬರೂ ನನ್ನ ಅಳಿಯಂದಿರೇ, ಮನೆ ಒಡೀಬೇಡಪ್ಪ ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಊರಿಗೆ ಮಾತ್ರ ಮೇಸ್ತ್ರಿಯ ಮಾತು ರುಚಿಸಿತು. ಯಾರಾದರೂ ತೂರಾಡಿಕೊಂಡು ಬಂದರೆ ‘ಇವತ್ತು ದೊಡ್ಡಬಡಗಿ ಆಗಿದ್ದಾನೆ’ ಎನ್ನತೊಡಗಿದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಊರಿನ ನುಡಿಯೇ ಆಗಿಹೋಯಿತು. ಬಡಗಿಯ ಮಗಳು ಶಾಲೆಯಲ್ಲಿ ಎಡವಿ ಬಿದ್ದರೆ ಮಕ್ಕಳು ಅದನ್ನೇ ಅಂದು ನಕ್ಕರು. ಅವಳು ಮನೆಗೆ ಬಂದು, ತಾತ ಕುಡೀತಿದ್ರಾ ಅಪ್ಪ ಎಂದು ಕೇಳಿದಳು.

ಅವತ್ತು ಅವನು ನಿರ್ಧರಿಸಿದ್ದು ಒಂದೇ: ಆ ಮಾತು ಹೊರಟ ಬಾಯಿಂದಲೇ ವಾಪಸ್ ಬರಬೇಕು. ನಾಲ್ಕು ಜನರ ಎದುರಿಗೆ, ಅದೇ ಪ್ಲಾಟ್‌ಫಾರ್ಮಿನಲ್ಲಿ, ಅಪ್ಪ ಕುಡಿದಿರಲಿಲ್ಲ ಎಂದು ಮೇಸ್ತ್ರಿ ಹೇಳಬೇಕು. ಅಲ್ಲಿಯವರೆಗೆ ಅವನಿಗೂ ತನಗೂ ನೆಂಟಸ್ತಿಕೆಯಿಲ್ಲ. ಅಣ್ಣ ಎನ್ನುವುದನ್ನು ಬಿಟ್ಟ. ನೀನು, ನೀವು ಎರಡನ್ನೂ ಬಿಟ್ಟ. ಕೆಲಸದ ಮಾತಿದ್ದರೆ ಗೋಡೆಗೆ ಹೇಳುತ್ತಿದ್ದ, ಮೇಸ್ತ್ರಿ ಗೋಡೆಯ ಪಕ್ಕ ನಿಂತು ಕೇಳಿಸಿಕೊಳ್ಳುತ್ತಿದ್ದ. ಕೆಲಸವನ್ನೇ ಬಿಟ್ಟು ಹೋಗಬಹುದಿತ್ತು. ಅಪ್ಪನ ಮಾಡು ಅರ್ಧಕ್ಕೆ ನಿಂತಿತ್ತು, ಅದನ್ನು ಇನ್ನೊಬ್ಬರ ಕೈಗೆ ಕೊಡಲಾರದೆ ಉಳಿದ. ಹೆಂಡತಿ, ಮಾತಿನಲ್ಲಿ ಚುರುಕಾದ ಹೆಂಗಸು, “ನಿಮ್ಮ ಒಬ್ಬರಿಗೆ ಅಂತ ಅಕ್ಕಿ ಹಾಕಿದ್ರೆ ಇಬ್ಬರು ಊಟಕ್ಕೆ ಬರ್ತೀರಿ, ನೀವೂ ನಿಮ್ಮ ಸಿಟ್ಟೂ” ಎಂದಳು. ಅವನು ನಗಲಿಲ್ಲ.

ಮಾಡು ಮುಗಿದು, ಪ್ಲಾಟ್‌ಫಾರ್ಮಿನ ಕಂಬಗಳು ನಿಂತವು. ಚಾವಣಿ ಮುಂದಕ್ಕೆ ಚಾಚುವಲ್ಲಿ ಪ್ರತಿ ಕಂಬದಿಂದ ಬಾಗಿದ ಮರದ ತೋಳೊಂದು ಅದನ್ನು ಎತ್ತಿ ಹಿಡಿಯಬೇಕು. ತೋಳಿನ ಬುಡಕ್ಕೆ ಏನಾದರೊಂದು ಅಲಂಕಾರ ಇರಲಿ ಎಂದಷ್ಟೇ ನಕ್ಷೆಯಲ್ಲಿತ್ತು. ಉಳಿದ ಕಂಬಗಳಿಗೆಲ್ಲ ಅವನು ಎಲೆ, ಸುರುಳಿ ಕೆತ್ತಿ ಮುಗಿಸಿದ. ಟಿಕೆಟ್ ಹಾಲಿನ ಬಾಗಿಲಿನ ಪಕ್ಕದ ಕಂಬ, ರೈಲು ಹತ್ತುವವರೂ ಇಳಿಯುವವರೂ ಹಾದುಹೋಗಲೇಬೇಕಾದದ್ದು. ಅದಕ್ಕೊಂದು ದಪ್ಪ ಕೊರಡು ಹುಡುಕಿದ.

ಅಪ್ಪ ಒಣಗಿಸಿಟ್ಟ ಮರದಲ್ಲಿ ಅಷ್ಟು ದಪ್ಪದ್ದು ಇರಲಿಲ್ಲ. ಅಂಗಳದಲ್ಲಿ ಬಿದ್ದಿದ್ದದ್ದು ಆಗಷ್ಟೇ ಕಡಿದು ತಂದ ದಿಮ್ಮಿ. ಕೊಯ್ದರೆ ಗರಗಸಕ್ಕೆ ನೀರು ಹತ್ತುತ್ತಿತ್ತು. ಕಡಿದ ಮರ ಒಣಗುವಾಗ ರಾತ್ರಿಯೆಲ್ಲ ಚಿಟಿಚಿಟಿ ಎನ್ನುತ್ತದೆ. ಅದು ಮಾತು ನಿಲ್ಲಿಸುವವರೆಗೂ ಉಳಿ ಮುಟ್ಟಿಸಬಾರದು ಎಂದು ಅಪ್ಪ ಕಲಿಸಿದ್ದ. ಸ್ಟೇಷನ್ ತೆರೆಯುವ ದಿನ ಹತ್ತಿರ ಬಂದಿತ್ತು. ಸಿಟ್ಟಿಗೆ ಕಾಯುವುದು ಗೊತ್ತಿರಲಿಲ್ಲ. ಅವನು ಹಸಿ ಮರಕ್ಕೇ ಉಳಿ ಇಟ್ಟ.

ಕೆತ್ತಿದ್ದು ಮೇಸ್ತ್ರಿಯ ಮುಖ. ನಡುವೆ ಉಬ್ಬಿದ ಮೂಗು, ಒಂದು ಹುಬ್ಬು ಮೇಲೆ, ಗದ್ದದ ಹಳ್ಳ. ಬಾಯಿ ಅಂದು ಅಧಿಕಾರಿಗಳ ಎದುರು ಇದ್ದ ಹಾಗೆಯೇ, ಮೇಲ್ದುಟಿ ಸೊಟ್ಟಗೆ ಮಡಿಸಿ, ತುದಿಗಳು ಕೆಳಕ್ಕೆ. ತಲೆಯ ಮೇಲೆ ತೋಳು, ತೋಳಿನ ಮೇಲೆ ಚಾವಣಿ. ಇಡೀ ಸ್ಟೇಷನ್ನಿನ ಭಾರ ಆ ಕುತ್ತಿಗೆಯ ಮೇಲೆ ಕೂತ ಹಾಗೆ ಕಾಣಬೇಕು. ಕಟ್ಟಡ ಇರುವವರೆಗೂ ಜನ ಅದನ್ನು ನೋಡಿ ನಗಬೇಕು.

ತೆರೆದ ದಿನ ಊರು ನಿಜಕ್ಕೂ ನಕ್ಕಿತು. ಮೊದಲ ರೈಲಿಗಿಂತ ಮುಖದ ಎದುರೇ ಗುಂಪು ಹೆಚ್ಚು. ಪೋರ್ಟರು ಅದರ ಬಾಯಿಯ ಹಾಗೇ ಬಾಯಿ ಮಾಡಿ ತೋರಿಸಿದ. ಮೇಸ್ತ್ರಿ ಹೊಸ ಅಂಗಿ ತೊಟ್ಟು ಬಂದವನು ಒಮ್ಮೆ ತಲೆಯೆತ್ತಿ ನೋಡಿದ. ಆಮೇಲೆ ತಿಂಗಳುಗಟ್ಟಲೆ ಅವನು ಸ್ಟೇಷನ್ನಿಗೆ ಗೂಡ್ಸ್ ಶೆಡ್ಡಿನ ಕಡೆಯಿಂದ, ಹಳಿ ದಾಟಿಕೊಂಡು ಬರುತ್ತಿದ್ದ. ಬಡಗಿಗೆ ಅದು ಹಬ್ಬ. ಕೆಲಸವಿಲ್ಲದಿದ್ದರೂ ಪ್ಲಾಟ್‌ಫಾರ್ಮಿಗೆ ಹೋಗಿ ಬೆಂಚಿನ ಮೇಲೆ ಕೂತು, ಷಡ್ಡಕ ಜಲ್ಲಿಕಲ್ಲಿನ ಮೇಲೆ ಕಾಲು ಜಾರುತ್ತಾ ಬರುವುದನ್ನು ನೋಡುತ್ತಿದ್ದ. ಮನೆಗೆ ಬಂದು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದ.

ಬೇಸಿಗೆ ಬಂತು. ಮರ ಒಣಗತೊಡಗಿತು.

ಮೊದಲು ಕಣ್ಣಿನ ಬದಿಯಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿತು, ನಕ್ಕಾಗ ಬೀಳುವ ಗೆರೆಗಳ ಹಾಗೆ. ಆಮೇಲೆ ಕೆನ್ನೆ ಸೊರಗಿ, ಎಳೆ ಬಿಗಿದು, ಬಾಯಿಯ ತುದಿಗಳನ್ನು ಮೇಲಕ್ಕೆ ಎಳೆಯಿತು. ಮಡಿಸಿದ ತುಟಿ ಸಡಿಲವಾಯಿತು. ಬಡಗಿ ದಿನಾ ನೋಡುತ್ತಿದ್ದವನು. ತನ್ನ ಕಣ್ಣೇ ಕೆಟ್ಟಿತೆಂದುಕೊಂಡ. ಮುಂದಿನ ಬೇಸಿಗೆಯ ಹೊತ್ತಿಗೆ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಕಂಬದ ಮೇಲಿನ ಮುಖ ನಗುತ್ತಿತ್ತು. ಗೇಲಿಯ ನಗುವಲ್ಲ, ಹೋಗಿ ಬಾ ಮಗು ಎನ್ನುವ ಹಿರಿಯರ ನಗು.

ಅದನ್ನು ಮೊದಲು ಮುಟ್ಟಿದವರು ಯಾರೋ ಗೊತ್ತಿಲ್ಲ. ದೂರದ ಊರಿಗೆ ಹೊರಟ ಒಬ್ಬ ಹೆಂಗಸು ಅಳುವ ಮಗುವನ್ನು ಎತ್ತಿ, ಮಾವನ ಮೂಗು ಹಿಡಿ ನೋಡೋಣ ಎಂದಳಂತೆ. ಮಗು ಅಳು ನಿಲ್ಲಿಸಿತಂತೆ. ಅಲ್ಲಿಂದ ಅದು ‘ಸ್ಟೇಷನ್ ಮಾವ’ ಆಯಿತು. ಹೊರಡುವವರು ಕೈಯೆತ್ತಿ ಮೂಗು ಮುಟ್ಟಿ ರೈಲು ಹತ್ತತೊಡಗಿದರು; ಮುಟ್ಟಿದವರು ಸುಖವಾಗಿ ವಾಪಸ್ ಬರುತ್ತಾರೆ ಎಂದಾಯಿತು. ಪರೀಕ್ಷೆಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು, ಕೆಲಸ ಹುಡುಕಿ ಹೋಗುವವರು, ಎಲ್ಲರ ಬೆರಳೂ ತಾಗಿ ಮೂಗು ಕಪ್ಪಗೆ ಮಿರುಗತೊಡಗಿತು. ಟಿಕೆಟ್ ಗುಮಾಸ್ತ ಚಿಲ್ಲರೆ ಕೊಡುವಾಗ, ಮಾವನಿಗೆ ಹೇಳಿ ಹೋಗಿ ಎನ್ನುತ್ತಿದ್ದ.

ಮೇಸ್ತ್ರಿ ಹಳಿ ದಾಟಿ ಬರುವುದನ್ನು ನಿಲ್ಲಿಸಿದ. ಮುಂಬಾಗಿಲಿನಿಂದ ಬಂದ. ವಯಸ್ಸಾದ ಹಾಗೆ ಅವನ ಮುಖವೂ ಮೆತ್ತಗಾಗಿ, ಮೊಮ್ಮಕ್ಕಳಾಗಿ, ಅವನೇ ಆ ಕೆತ್ತನೆಯ ಹಾಗೆ ಕಾಣತೊಡಗಿದ. ಯಾರಾದರೂ ಹೋಲಿಕೆ ಕಂಡು ಕೇಳಿದರೆ, ಹೌದು, ನನ್ನ ಷಡ್ಡಕ ಪ್ರೀತಿಯಿಂದ ಮಾಡಿದ್ದು ಎನ್ನುತ್ತಿದ್ದ.

ಪ್ರೀತಿಯಿಂದ. ಈ ಒಂದು ಪದ ಬಡಗಿಯ ನಿದ್ದೆ ಕೆಡಿಸಿದ್ದಕ್ಕೆ ಲೆಕ್ಕವಿಲ್ಲ. ಅಪ್ಪನ ಹೆಸರು ಕುಡುಕರಿಗೆ ಅಡ್ಡಹೆಸರಾಗಿ ಉಳಿದಿತ್ತು. ಅದನ್ನು ಹಾಗೆ ಮಾಡಿದವನನ್ನು ಊರು ದಿನಾ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿತ್ತು, ಅದೂ ತಾನೇ ಕೆತ್ತಿಕೊಟ್ಟ ಮುಖದಲ್ಲಿ. ದಾರಿಯಲ್ಲಿ ಯಾರೋ ನಿಲ್ಲಿಸಿ, ಮಾವನನ್ನು ಮಾಡಿದವರು ನೀವೇ ಅಲ್ವಾ, ಏನು ಕಳೆ ಸ್ವಾಮಿ ಎನ್ನುತ್ತಿದ್ದರು. ಅವನು ಹಲ್ಲು ಕಚ್ಚಿಕೊಂಡು, ಮರ ಹಸಿ ಇತ್ತು ಎನ್ನುತ್ತಿದ್ದ. ವಿನಯವೆಂದುಕೊಂಡು ಅವರು ಇನ್ನಷ್ಟು ಹೊಗಳುತ್ತಿದ್ದರು. ಹೆಂಡತಿಗೆ ಒಳಗೊಳಗೇ ನಗು. ಅಕ್ಕನ ಮನೆಗೆ ಹೋಗಿ ಬಂದವಳು ಒಮ್ಮೆ, ನಿಮ್ಮ ಸೇಡಿಗೆ ದೃಷ್ಟಿ ತೆಗೀಬೇಕು, ಅಷ್ಟು ಚೆನ್ನಾಗಿ ಬೆಳೀತಿದೆ ಎಂದಳು. ಅವಳನ್ನು ಬಿಟ್ಟು ಬೇರೆ ಯಾರು ಆ ಮಾತು ಆಡಿದ್ದರೂ ಅವನ ಮನೆಯ ಹೊಸ್ತಿಲು ಮತ್ತೆ ತುಳಿಯುವಂತಿರಲಿಲ್ಲ.

ವರ್ಷಗಳು ಹೋದವು. ಅತ್ತೆ ಹೋದಳು. ಉಗಿಯ ಎಂಜಿನ್ನು ಹೋಯಿತು, ಹೊಗೆಗೆ ಕಪ್ಪಾಗಿದ್ದ ಚಾವಣಿಗೆ ಬಣ್ಣ ಬಂತು. ದೀಪದೆಣ್ಣೆಯ ಕೋಣೆ ಸೈಕಲ್ ನಿಲ್ಲಿಸುವ ಜಾಗವಾಯಿತು. ಇಟ್ಟಿಗೆ ಗೂಡುಗಳು ಆರಿದವು, ಗೂಡ್ಸ್ ಶೆಡ್ಡಿನ ಎತ್ತರದ ನೆಲದ ಮೇಲೆ ನಾಯಿಗಳು ಮಲಗಿದವು. ಬಡಗಿಯ ತಲೆ ನರೆಯಿತು, ಸಿಟ್ಟು ನರೆಯಲಿಲ್ಲ. ಕೊನೆಗೆ ಪ್ಲಾಟ್‌ಫಾರ್ಮಿನ ಚಾವಣಿ ಸೋರತೊಡಗಿ, ಮರದ ತೋಳುಗಳಲ್ಲಿ ಕೆಲವು ಕೊಳೆತಿವೆಯೆಂದು ಮಾಸ್ಟರು ಅವನನ್ನೇ ಕರೆಸಿದರು. ಕಟ್ಟಿದವರೇ ರಿಪೇರಿ ಮಾಡಿದರೆ ಚೆನ್ನ ಎಂದರು.

ಅವನು ಎಲೆ ಸುರುಳಿಗಳ ಕೆಲಸ ಮೊದಲು ಮುಗಿಸಿದ. ಮುಖದ ಕಂಬವನ್ನು ಕೊನೆಗೆ ಉಳಿಸಿಕೊಂಡ. ಅದು ಕೊಳೆತಿರಲಿಲ್ಲ, ಅಷ್ಟು ಕೈಗಳ ಜಿಡ್ಡು ಕುಡಿದು ಕಲ್ಲಾಗಿತ್ತು. ಈಗ ಅದು ಮಾತಾಡುವ ಮರವಲ್ಲ. ಈಗ ಕೆತ್ತಿದ್ದು ಕೆತ್ತಿದ ಹಾಗೇ ನಿಲ್ಲುತ್ತದೆ. ಒಂದು ಮಧ್ಯಾಹ್ನ, ರೈಲಿಗೆ ಇನ್ನೂ ಹೊತ್ತಿದ್ದು ಪ್ಲಾಟ್‌ಫಾರ್ಮ್ ಖಾಲಿಯಿದ್ದಾಗ, ಸ್ಟೂಲು ಹಾಕಿ ಹತ್ತಿ, ಬಾಯಿಯ ಎಡತುದಿಗೆ ಉಳಿ ಇಟ್ಟ. ನಗುವನ್ನು ಕೆಳಕ್ಕೆ ಇಳಿಸಿದ. ತುಟಿಯನ್ನು ಮಡಿಸಿದ. ಎಡಗಡೆಯಿಂದ ನೋಡಿದರೆ, ಅಂದು ಅಧಿಕಾರಿಗಳ ಎದುರು ಧ್ವನಿ ತಗ್ಗಿಸಿದ ಮನುಷ್ಯನೇ ಅಲ್ಲಿದ್ದ. ಬಡಗಿಗೆ ಮೈ ಬೆಚ್ಚಗಾಯಿತು.

ಬಲತುದಿಗೆ ಉಳಿ ತಿರುಗಿಸುವಾಗ ಕೋಲು ಊರುವ ಸದ್ದು ಕೇಳಿಸಿತು. ಮೇಸ್ತ್ರಿ ದಿನಾ ಆ ಹೊತ್ತಿಗೆ ಬೆಂಚಿನ ಮೇಲೆ ಕೂರಲು ಬರುತ್ತಿದ್ದ. ನೆಲದ ಮೇಲಿನ ಚಕ್ಕೆಗಳನ್ನು ನೋಡಿದ, ಮೇಲೆ ನೋಡಿದ.

“ಏನ್ ಮಾಡ್ತಿದ್ದೀಯಾ?”

“ರಿಪೇರಿ,” ಎಂದ ಬಡಗಿ, ಕಂಬಕ್ಕೆ.

“ಸೋರೋದು ಚಾವಣಿ. ಬಾಯಲ್ಲ.”

“ಬಾಯಿಂದಲೇ ಶುರುವಾಗಿದ್ದು.”

ಮೇಸ್ತ್ರಿ ಬೆಂಚಿಗೆ ಕೂತ. ಮೊಮ್ಮಗಳು ನಾಳೆ ಓದಲು ಹೊರಡುತ್ತಾಳೆ, ಅದನ್ನು ಮುಟ್ಟದೆ ರೈಲು ಹತ್ತುವವಳಲ್ಲ, ಅದು ತಾತನೇ ಎಂದು ಅವಳ ನಂಬಿಕೆ, ಒಂದು ಪಕ್ಕವಾದರೂ ಬಿಡು ಎಂದ. ಬೇಡುವ ಧ್ವನಿಯಲ್ಲಿ ಅವನು ಮಾತಾಡಿದ್ದನ್ನು ಬಡಗಿ ಅದುವರೆಗೆ ಕೇಳಿರಲಿಲ್ಲ.

“ಅದು ನೀನೇ,” ಎಂದ ಬಡಗಿ. ಅಷ್ಟು ವರ್ಷಗಳಲ್ಲಿ ಅವನ ಮುಖ ನೋಡಿ ಆಡಿದ ಮೊದಲ ಮಾತು.

“ಗೊತ್ತು ಕಣೋ. ಮೊದಲನೇ ದಿನವೇ ಗೊತ್ತಿತ್ತು. ಊರೆಲ್ಲ ನಗ್ತಿದ್ದಾಗ ನನಗೆ ಕಣ್ಣಿರಲಿಲ್ವಾ?”

“ಮತ್ತೆ ಪ್ರೀತಿಯಿಂದ ಮಾಡಿದ್ದು ಅಂತ ಹೇಳ್ಕೊಂಡು ತಿರುಗಿದೆಯಲ್ಲ.”

“ಇನ್ನೇನು ಹೇಳ್ಲಿ? ಕೇಳಿದವರಿಗೆಲ್ಲ ಕಥೆ ಬಿಚ್ಚಲಾ?”

“ಬಿಚ್ಚು,” ಎಂದ ಬಡಗಿ. “ಅಷ್ಟೇ ನಾನು ಕೇಳ್ತಿರೋದು. ಒಂದು ಮಾತು ಹೇಳಿಬಿಡು, ಈ ಪಕ್ಕ ಮುಟ್ಟಲ್ಲ.”

ಮೇಸ್ತ್ರಿ ಅತ್ತಿತ್ತ ನೋಡಿದ. ಯಾರೂ ಇರಲಿಲ್ಲ. “ಅವರು ಕುಡಿದಿರಲಿಲ್ಲ. ಆಯ್ತಾ? ಇಳಿ ಈಗ.”

“ನನಗೆ ಗೊತ್ತಿರೋದನ್ನ ನನಗೇ ಹೇಳಿದ್ರೆ ಏನು ಬಂತು? ಟ್ರೈನ್ ಬರಲಿ. ಜನ ಇಳೀಲಿ.”

ಉಳಿಯ ಮೊನೆ ತುಟಿಯ ಬಲತುದಿಯಲ್ಲೇ ಇತ್ತು. ಕೊಡತಿ ಇನ್ನೊಂದು ಕೈಯಲ್ಲಿ. ಮೇಸ್ತ್ರಿ ಎದ್ದು ಹೋಗಬಹುದಿತ್ತು. ಎರಡು ಸಲ ಕೋಲು ಊರಿ ಏಳಲು ನೋಡಿದ, ಎರಡು ಸಲವೂ ಕೂತ. ಒಳಗೆ ಟಿಕೆಟ್ ಕಿಂಡಿಯ ಹಲಗೆ ತೆರೆದ ಸದ್ದಾಯಿತು. ಜನ ಒಬ್ಬೊಬ್ಬರಾಗಿ ಬಂದರು. ಸ್ಟೂಲಿನ ಮೇಲೆ ನಿಂತ ಮುದುಕನನ್ನೂ ಮಾವನ ಸೊಟ್ಟ ಬಾಯಿಯನ್ನೂ ನೋಡಿ, ರಿಪೇರಿ ನಡೀತಿದೆ ಎಂದು ಆಚೆ ಸರಿದರು. ಕೈಯೆತ್ತಿದ ಒಬ್ಬಳು ಕೈ ಹಿಂದಕ್ಕೆ ತೆಗೆದುಕೊಂಡಳು. ಅದು ಮೇಸ್ತ್ರಿಯ ಕಣ್ಣಿಗೆ ಬಿತ್ತು.

ರೈಲು ಬಂದು ನಿಂತಿತು. ಬಾಗಿಲುಗಳು ತೆರೆದವು. ಮೇಸ್ತ್ರಿ ಎದ್ದು, ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ದೊಡ್ಡ ಬಡಗಿ ಅವತ್ತು ಕುಡಿದಿರಲಿಲ್ಲ ಎಂದ. ಪಕ್ಕದಲ್ಲಿದ್ದವರಿಗೂ ಕೇಳಿಸಲಿಲ್ಲ.

“ಕೇಳಿಸಲಿಲ್ಲ,” ಎಂದ ಬಡಗಿ ಮೇಲಿಂದ.

ಆಗ ಮೇಸ್ತ್ರಿ, ಕಟ್ಟಡದ ಕೆಲಸದಲ್ಲಿ ಕೂಲಿಗಳನ್ನು ಕೂಗುತ್ತಿದ್ದ ಆ ಹಳೆಯ ಗಂಟಲು ತೆಗೆದು, ಇಡೀ ಪ್ಲಾಟ್‌ಫಾರ್ಮಿಗೆ ಕೇಳುವಂತೆ ಹೇಳಿದ: “ದೊಡ್ಡ ಬಡಗಿ ಕುಡಿದಿರಲಿಲ್ಲ. ಓರೆಗಂಬ ಬಿಚ್ಚಿಸಿದ್ದು ನಾನು. ಕುಡಿದಿದ್ದ ಅಂದಿದ್ದು ಸುಳ್ಳು.”

ಜನ ಒಂದು ಗಳಿಗೆ ನಿಂತರು. ಸೂಟ್‌ಕೇಸು ಹಿಡಿದ ಒಬ್ಬ ತರುಣ ಜೊತೆಯವನಿಗೆ ಮೊಣಕೈ ತಿವಿದು, “ತಾತ ಮಧ್ಯಾಹ್ನಕ್ಕೇ ದೊಡ್ಡಬಡಗಿ ಆಗ್ಬಿಟ್ಟಿದ್ದಾರೆ ನೋಡೋ” ಎಂದ. ಸುತ್ತಲಿದ್ದವರು ನಕ್ಕರು. ಆ ನಗು ಪ್ಲಾಟ್‌ಫಾರ್ಮಿನ ಉದ್ದಕ್ಕೂ ಸಾಗಿತು. ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು. ಏನೋ ಹೇಳಲು ಬಾಯಿ ತೆರೆದ; ಕುಡಿದಿಲ್ಲ ಎಂದು ತನ್ನ ಬಗ್ಗೆ ಹೇಳಬೇಕೋ ಸತ್ತ ಮುದುಕನ ಬಗ್ಗೆ ಹೇಳಬೇಕೋ ತಿಳಿಯದೆ ಹಾಗೇ ನಿಂತ.

ಬಡಗಿಗೆ ಸಿಹಿಯೆನ್ನಿಸಿತು. ಅನ್ನಿಸಲಿಲ್ಲವೆಂದು ಬರೆದರೆ ಅವನಿಗೆ ಮಾಡುವ ದ್ರೋಹ. ಅಷ್ಟು ವರ್ಷ ಕಾದದ್ದು ಇದಕ್ಕೇ; ಅವನ ಕಣ್ಣು ಹೊಳೆಯಿತು, ಕೊಡತಿ ಹಿಡಿದ ಕೈ ಹಗುರಾಯಿತು.

ಟ್ರಂಕು ಇಳಿಸಿಕೊಂಡು ನಿಂತಿದ್ದ ಒಬ್ಬ ಹೆಂಗಸು ಮಾತ್ರ ನಕ್ಕಿರಲಿಲ್ಲ. ಅವಳು ಸ್ಟೂಲಿನ ಹತ್ತಿರ ಬಂದು ಬಡಗಿಯನ್ನು ಕೇಳಿದಳು: “ದೊಡ್ಡಬಡಗಿ ಅಂತ ನಿಜವಾಗ್ಲೂ ಒಬ್ಬ ಮನುಷ್ಯ ಇದ್ದನಾ? ನಾವು ಸುಮ್ನೆ ಮಾತಿಗೆ ಅಂತೀವಿ ಅಂದ್ಕೊಂಡಿದ್ದೆ.”

ಮೇಸ್ತ್ರಿ ಏನು ಹೇಳಬೇಕು, ಎಲ್ಲಿ ನಿಂತು ಹೇಳಬೇಕು, ಎಷ್ಟು ಗಟ್ಟಿಯಾಗಿ ಹೇಳಬೇಕು ಎಲ್ಲವನ್ನೂ ಬಡಗಿ ಯೋಚಿಸಿಟ್ಟಿದ್ದ. ಕೇಳಿಸಿಕೊಳ್ಳುವವರಲ್ಲಿ ಅಪ್ಪನನ್ನು ಕಂಡವರು ಒಬ್ಬರೂ ಉಳಿದಿರುವುದಿಲ್ಲ ಎಂಬುದು ಅವನ ಲೆಕ್ಕಕ್ಕೇ ಬಂದಿರಲಿಲ್ಲ. ಅವನು ಸ್ಟೂಲಿನಿಂದ ಇಳಿದ.

“ಇದ್ದ,” ಎಂದ. “ನಮ್ಮಪ್ಪ. ಕುಳ್ಳಗಿದ್ದ. ಕಿವಿ ಮೇಲೇ ಪೆನ್ಸಿಲ್ ಇಟ್ಕೊಂಡು ಊರೆಲ್ಲ ಹುಡುಕ್ತಿದ್ದ.”

ಹೆಂಗಸು ನಕ್ಕಳು. ಅದು ಬೇರೆ ಥರದ ನಗು. ನಮ್ಮ ಮನೆಯಲ್ಲೂ ಒಬ್ಬರು ಕನ್ನಡಕಕ್ಕೆ ಹಾಗೇ ಮಾಡುತ್ತಾರೆ ಎಂದು, ಟ್ರಂಕು ಎತ್ತಿಕೊಂಡು ಹೋದಳು. ರೈಲು ಹೊರಟಿತು. ಪ್ಲಾಟ್‌ಫಾರ್ಮ್ ಮತ್ತೆ ಖಾಲಿಯಾಯಿತು.

ಮೇಸ್ತ್ರಿ ಬೆಂಚಿಗೆ ಕುಸಿದಿದ್ದ. ಹೇಳಿದೆನಲ್ಲ, ಇನ್ನಾದರೂ ಆ ಉಳಿ ಒಳಗಿಡು ಎಂದ. ಬಡಗಿ ಅವನ ಪಕ್ಕದಲ್ಲಿ, ಅದೇ ಬೆಂಚಿನ ಮೇಲೆ, ಒಂದು ಗೇಣು ಬಿಟ್ಟು ಕೂತ. ಮಡಿಲಲ್ಲಿ ಉಳಿ. ಬಾಟಲಿಯಿಂದ ನೀರು ಕುಡಿದು, ಬಾಯಿ ಒರೆಸಿಕೊಂಡು, ಬಾಟಲಿಯನ್ನು ಷಡ್ಡಕನ ಕಡೆ ಸರಿಸಿದ.

“ಗಂಟಲು ಒದ್ದೆ ಮಾಡ್ಕೋ,” ಎಂದ. “ಸಂಜೆ ಇನ್ನೊಂದು ಗಾಡಿ ಇದೆ. ಅದರಲ್ಲಿ ಜನ ಜಾಸ್ತಿ.”